ಕತ್ತಲ ಕೋಣೆಗೆ ಬಂದಿಳಿದ ನಗರ



ಬೆಳಕು ಸರಳರೇಖೆಯಲ್ಲಿ ಚಲಿಸುತ್ತದೆ ಎಂಬ ವಾಕ್ಯ ಗೊತ್ತಿಲ್ಲದವರು ನಮ್ಮ ಕಾಲೇಜಿನಲ್ಲಿ ಯಾರೂ ಇಲ್ಲ. ಹೈಸ್ಕೂಲಿಗೆ ಬರುವ ಮೊದಲೇ ಅದನ್ನು ಕಲಿತಿದ್ದೀರಿ. ಸೈನ್ಸ್ ತೆಗೆದುಕೊಂಡವರು ದ್ವಿತೀಯ ಪಿಯುಸಿಯ ರೇ ಆಪ್ಟಿಕ್ಸ್ ಪಾಠದಲ್ಲಿ ಅದರ ಮೇಲೆಯೇ ಲೆಕ್ಕ ಮಾಡುತ್ತೀರಿ. ಒಂದು ಅಂಕದ ಪ್ರಶ್ನೆಗೆ ಉತ್ತರ ಬರೆದು ನಾವು ಮುಂದೆ ಹೋಗುವ ಈ ವಾಕ್ಯದ ಮುಂದೆ ಒಬ್ಬ ಮನುಷ್ಯ ನಿಂತುಬಿಟ್ಟರು. ಮೂರು ದಶಕಗಳಿಂದ ಅದರಲ್ಲೇ ಚಿತ್ರ ಮಾಡುತ್ತ ಬಂದಿದ್ದಾರೆ. ಅವರ ಹೆಸರು ಅಬೆಲಾರ್ಡೊ ಮೊರೆಲ್. ಅಮೆರಿಕದ ಕಲಾತ್ಮಕ ಛಾಯಾಗ್ರಾಹಕ. ಈ ಸಂಚಿಕೆಗೆ ಅವರ ಬಗ್ಗೆ ಬರೆಯಲು ನನಗೆ ಎರಡು ಕಾರಣಗಳಿವೆ. ಅವರ ಮುಖ್ಯ ಕೆಲಸ ಹುಟ್ಟಿದ್ದು ತರಗತಿಯ ಒಂದು ಪಾಠದಿಂದ. ಆ ಪಾಠದ ಬೇರು ಇರುವುದು ನಾವು ಭಾಷಣಗಳಲ್ಲಿ ಬಹಳ ಹೆಮ್ಮೆಯಿಂದ ಹೇಳಿಕೊಳ್ಳುವ ಒಂದು ಪರಂಪರೆಯಲ್ಲಿ.

ಮೊರೆಲ್ ಹುಟ್ಟಿದ್ದು 1948ರಲ್ಲಿ, ಕ್ಯೂಬಾ ದೇಶದ ಹವಾನಾ ನಗರದಲ್ಲಿ. ಅಲ್ಲಿ ಕ್ರಾಂತಿಯಾಗಿ ಫಿಡೆಲ್ ಕಾಸ್ಟ್ರೋ ಸರಕಾರ ಬಂದ ಕೆಲವು ವರ್ಷಗಳ ನಂತರ, 1962ರಲ್ಲಿ, ಅವರ ಕುಟುಂಬ ದೇಶ ಬಿಟ್ಟು ಅಮೆರಿಕಕ್ಕೆ ಬಂತು. ಆಗ ಅವರು ನಿಮಗಿಂತ ಸ್ವಲ್ಪ ಚಿಕ್ಕವರು. ಬೇರೆ ದೇಶ, ಬೇರೆ ಭಾಷೆ, ನ್ಯೂಯಾರ್ಕಿನಂಥ ನಗರ. ಮುಂದೆ ಮೇಯ್ನ್ ರಾಜ್ಯದ ಬೌಡಿನ್ ಕಾಲೇಜಿಗೆ ಸೇರಿದಾಗ ಫೋಟೊಗ್ರಫಿಯ ಪರಿಚಯವಾಯಿತು. 1981ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿ ಪಡೆದು, ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಅಧ್ಯಾಪಕರಾದರು. ಅಲ್ಲಿ ಬಹಳ ವರ್ಷ ಕಲಿಸಿದರು.

ಆರಂಭದಲ್ಲಿ ಅವರು ಮಾಡುತ್ತಿದ್ದದ್ದು ಬೀದಿ ಫೋಟೊಗ್ರಫಿ. ಸಣ್ಣ ಕ್ಯಾಮೆರಾ ಹಿಡಿದು ರಸ್ತೆಯಲ್ಲಿ ಓಡಾಡುವುದು, ಕಣ್ಣಿಗೆ ಬಿದ್ದ ಕ್ಷಣವನ್ನು ಥಟ್ಟನೆ ಹಿಡಿಯುವುದು. 1986ರಲ್ಲಿ ಮಗ ಹುಟ್ಟಿದ. ಮಗು ಬಂದ ಮನೆಯಲ್ಲಿ ರಸ್ತೆ ಸುತ್ತಲು ಸಮಯ ಎಲ್ಲಿಂದ ಬರಬೇಕು? ಮೊರೆಲ್ ಸಣ್ಣ ಕ್ಯಾಮೆರಾ ಬದಿಗಿಟ್ಟು, ಸ್ಟ್ಯಾಂಡಿನ ಮೇಲೆ ನಿಲ್ಲಿಸುವ ದೊಡ್ಡ ಫಿಲ್ಮಿನ ಕ್ಯಾಮೆರಾ ತೆಗೆದುಕೊಂಡರು. ಮನೆಯೊಳಗಿನ ಸಾಮಾನುಗಳನ್ನು, ನೆಲದಲ್ಲಿ ಹರಿದಾಡುವ ಮಗುವಿನ ಎತ್ತರದಿಂದ ನೋಡುತ್ತ ಚಿತ್ರ ತೆಗೆಯಲು ಶುರು ಮಾಡಿದರು. ಚಿತ್ರ ಬೇಕಾದರೆ ದೂರ ಪ್ರಯಾಣ ಮಾಡಬೇಕು, ದುಬಾರಿ ಕ್ಯಾಮೆರಾ ಬೇಕು ಎಂದು ನಿಮ್ಮಲ್ಲಿ ಹಲವರು ನನ್ನಲ್ಲಿ ಹೇಳಿದ್ದೀರಿ. ಇವರ ಪಯಣ ಹೊರಗಿನಿಂದ ಮನೆಯೊಳಕ್ಕೆ.

ಈಗ ಆ ಪಾಠದ ವಿಷಯ. ಫೋಟೊಗ್ರಫಿ ಕಲಿಯಲು ಬಂದ ಹೊಸ ವಿದ್ಯಾರ್ಥಿಗಳಿಗೆ ಕ್ಯಾಮೆರಾ ಎಂದರೆ ಏನು ಎಂದು ತೋರಿಸಲು ಮೊರೆಲ್ ತರಗತಿಯ ಕಿಟಕಿಗಳಿಗೆಲ್ಲ ಕಪ್ಪು ಪ್ಲಾಸ್ಟಿಕ್ ಅಂಟಿಸಿ, ಅದರಲ್ಲಿ ಒಂದೇ ಒಂದು ಸಣ್ಣ ರಂಧ್ರ ಮಾಡುತ್ತಿದ್ದರು. ಕತ್ತಲಲ್ಲಿ ಕುಳಿತವರ ಎದುರಿನ ಗೋಡೆಯ ಮೇಲೆ ಹೊರಗಿನ ರಸ್ತೆ, ಕಟ್ಟಡ, ಓಡುವ ಕಾರುಗಳು ತಲೆಕೆಳಗಾಗಿ, ಬಣ್ಣದ ಸಮೇತ ಮೂಡುತ್ತಿದ್ದವು. ವಿಡಿಯೊ, ಕಂಪ್ಯೂಟರ್ ನೋಡಿ ಬೆಳೆದ ಆ ಹುಡುಗರೂ ಅದನ್ನು ಕಂಡು ಬೆರಗಾಗುತ್ತಿದ್ದರಂತೆ. ವಿದ್ಯಾರ್ಥಿಗಳ ಆ ಬೆರಗೇ ಮೊರೆಲ್ ಅವರನ್ನು ಹಿಡಿದು ನಿಲ್ಲಿಸಿತು. ಕ್ಯಾಮೆರಾದ ಮೂಲ ತತ್ವ ಇದು ಎಂದು ಪುಸ್ತಕಗಳೆಲ್ಲ ಹೇಳುತ್ತವೆ. ಆದರೆ ಕೋಣೆ ಮತ್ತು ಕೋಣೆಯೊಳಗೆ ಬಂದ ಹೊರಗಿನ ದೃಶ್ಯ, ಎರಡೂ ಒಟ್ಟಿಗೆ ಇರುವ ಚಿತ್ರವನ್ನು ತೆಗೆದರೆ ಹೇಗೆ?

1991ರಲ್ಲಿ ಅವರು ಮೊದಲು ತೆಗೆದದ್ದು ಪಾಠೋಪಕರಣದಂಥ ಒಂದು ಚಿತ್ರ. ಒಂದು ರಟ್ಟಿನ ಪೆಟ್ಟಿಗೆ, ಅದಕ್ಕೆ ಟೇಪಿನಿಂದ ಅಂಟಿಸಿದ ಒಂದು ಮಸೂರ, ಎದುರಿಗೆ ಒಂದು ಬಲ್ಬು, ಪೆಟ್ಟಿಗೆಯೊಳಗೆ ತಲೆಕೆಳಗಾದ ಅದೇ ಬಲ್ಬು. ‘ಲೈಟ್ ಬಲ್ಬ್’ ಎಂದೇ ಹೆಸರು. ನಮ್ಮ ಲ್ಯಾಬಿನಲ್ಲಿ ಅರ್ಧ ಗಂಟೆಯಲ್ಲಿ ಜೋಡಿಸಬಹುದಾದ ವಸ್ತುಗಳು. ಅದೇ ವರ್ಷ ಕ್ವಿನ್ಸಿ ಎಂಬ ಊರಿನ ತಮ್ಮ ಮನೆಯ ಕೋಣೆಯನ್ನೇ ಕತ್ತಲು ಮಾಡಿ, ರಸ್ತೆಯ ಆಚೆಬದಿಯ ಮನೆಗಳು ಒಳಗೆ ಬಂದಿರುವ ಚಿತ್ರ ತೆಗೆದರು. ಕೋಣೆಯೊಳಗೆ ದೊಡ್ಡ ಕ್ಯಾಮೆರಾ ನಿಲ್ಲಿಸಿ, ಷಟರ್ ತೆರೆದು, ಬಾಗಿಲು ಮುಚ್ಚಿ ಹೊರಗೆ ಹೋಗುವುದು. ಮತ್ತೆ ಬಂದು ಮುಚ್ಚುವುದು ಎಂಟು ಗಂಟೆಗಳ ನಂತರ!

ಎಂಟು ಗಂಟೆ ಏಕೆ? ಇದನ್ನು ನಾವೇ ಲೆಕ್ಕ ಹಾಕಿ ನೋಡಬಹುದು. ಆರ್ಟ್ಸ್ ಮತ್ತು ಕಾಮರ್ಸಿನವರು ಹೆದರಬೇಡಿ, ಭಾಗಾಕಾರ ಮತ್ತು ವರ್ಗ ಗೊತ್ತಿದ್ದರೆ ಸಾಕು. ಕಿಟಕಿಯ ರಂಧ್ರದ ವ್ಯಾಸ 1 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ, ಅಂದರೆ ತ್ರಿಜ್ಯ 5 ಮಿಲಿಮೀಟರ್. ಎದುರಿನ ಗೋಡೆ 4 ಮೀಟರ್ ದೂರ, ಅಂದರೆ 4000 ಮಿಲಿಮೀಟರ್. ತ್ರಿಜ್ಯವನ್ನು ದೂರದಿಂದ ಭಾಗಿಸಿದರೆ 800ರಲ್ಲಿ ಒಂದು ಪಾಲು. ಅದರ ವರ್ಗ ಮಾಡಿದರೆ 6,40,000ದಲ್ಲಿ ಒಂದು ಪಾಲು. ಬಿಳಿ ಗೋಡೆಯೂ ತನ್ನ ಮೇಲೆ ಬಿದ್ದ ಬೆಳಕನ್ನು ಪೂರ್ತಿ ಹಿಂದಿರುಗಿಸುವುದಿಲ್ಲ. ನೂರಕ್ಕೆ 80 ಎಂದು ಹಿಡಿದರೆ, ಗೋಡೆಯ ಮೇಲಿನ ದೃಶ್ಯ ಹೊರಗಿನ ನಿಜ ದೃಶ್ಯಕ್ಕಿಂತ 8 ಲಕ್ಷ ಪಟ್ಟು ಮಂಕು. ಒಳ್ಳೆಯ ಬಿಸಿಲಿನಲ್ಲಿ ಸಾಮಾನ್ಯ ಫಿಲ್ಮಿಗೆ ಸೆಕೆಂಡಿನ ನೂರನೇ ಒಂದು ಭಾಗ ಬೆಳಕು ಬಿದ್ದರೆ ಸಾಕಾಗುತ್ತದೆ. ಅದಕ್ಕಿಂತ 8 ಲಕ್ಷ ಪಟ್ಟು ಹೆಚ್ಚು ಎಂದರೆ 8000 ಸೆಕೆಂಡು, ಎರಡು ಗಂಟೆ ಹದಿಮೂರು ನಿಮಿಷ. ಇಷ್ಟಕ್ಕೇ ಮುಗಿಯುವುದಿಲ್ಲ. ಬೆಳಕು ತೀರ ಕಡಿಮೆಯಾದಾಗ ಫಿಲ್ಮ್ ಸೋಮಾರಿಯಾಗುತ್ತದೆ, ಲೆಕ್ಕಕ್ಕಿಂತ ಹೆಚ್ಚು ಸಮಯ ಕೇಳುತ್ತದೆ. ಕೋಣೆಯ ಹತ್ತಿರದ ಮಂಚ, ದೂರದ ಗೋಡೆ ಎರಡೂ ಸ್ಪಷ್ಟವಾಗಿ ಬರಬೇಕಾದರೆ ಕ್ಯಾಮೆರಾದ ಕಿಂಡಿಯನ್ನು ಇನ್ನೂ ಕಿರಿದು ಮಾಡಬೇಕು. ಎಂಟು ಗಂಟೆ ಎಂಬುದು ಕಲಾವಿದನ ಹಠವಲ್ಲ, ಬೆಳಕಿನ ಲೆಕ್ಕ.

ರಂಧ್ರ ದೊಡ್ಡದು ಮಾಡಿದರಾಯಿತಲ್ಲ ಎಂದು ನೀವು ಕೇಳಬಹುದು. ಮಾಡಬಹುದು, ಆದರೆ ಚಿತ್ರ ಕಲಸಿಹೋಗುತ್ತದೆ. ಹೊರಗಿನ ಒಂದೊಂದು ಬಿಂದುವೂ ಗೋಡೆಯ ಮೇಲೆ ಕನಿಷ್ಠ ರಂಧ್ರದಷ್ಟು ದೊಡ್ಡ ಚುಕ್ಕೆಯಾಗಿ ಬೀಳುತ್ತದೆ. ನಮ್ಮ 1 ಸೆಂಟಿಮೀಟರ್ ರಂಧ್ರದಲ್ಲಿ ನೂರು ಮೀಟರ್ ದೂರದ ಕಟ್ಟಡದ ಕಿಟಕಿಗಳು ಗುರುತು ಸಿಗುತ್ತವೆ, ಆ ಕಿಟಕಿಯಲ್ಲಿ ನಿಂತವರ ಮುಖ ಸಿಗುವುದಿಲ್ಲ. ಬೆಳಕು ಬೇಕೋ, ಸ್ಪಷ್ಟತೆ ಬೇಕೋ ಎಂಬ ಈ ಎಳೆದಾಟ ಪ್ರತಿಯೊಂದು ಕ್ಯಾಮೆರಾದಲ್ಲೂ ಇದೆ, ನಿಮ್ಮ ಜೇಬಿನ ಮೊಬೈಲಿನಲ್ಲೂ.

ಅಂದಹಾಗೆ, ಹಂಚಿನ ಮನೆಯಲ್ಲಿ ಬೆಳೆದವರಿಗೆ ಇದೇನೂ ಹೊಸತಲ್ಲ. ಹಂಚಿನ ಸಂದಿಯಿಂದ ನೆಲಕ್ಕೆ ಬಿದ್ದ ಬಿಸಿಲಿನ ಚುಕ್ಕೆ ದುಂಡಗಿರುತ್ತದೆ. ಸಂದಿ ದುಂಡಗಿರುವುದಿಲ್ಲ, ಚುಕ್ಕೆ ಮಾತ್ರ ದುಂಡು. ಏಕೆಂದರೆ ಅದು ಸಂದಿಯ ಆಕಾರವಲ್ಲ, ಸೂರ್ಯನ ಚಿತ್ರ. 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣ ಮಂಗಳೂರಿನ ಕಡೆ ಪೂರ್ಣ ಬಳೆಯಾಗಿ ಕಂಡಿತು. ಅಂಥ ಹೊತ್ತಿನಲ್ಲಿ ಮರದ ಕೆಳಗೆ ನೋಡಿದರೆ ಎಲೆಗಳ ನಡುವಿನ ಒಂದೊಂದು ಸಂದಿಯೂ ನೆಲದ ಮೇಲೆ ಒಂದೊಂದು ಬೆಳಕಿನ ಬಳೆಯನ್ನು ಬಿಡಿಸಿರುತ್ತದೆ.

ಮೊರೆಲ್ ಅವರ ಚಿತ್ರಗಳಿಗೆ ಬರೋಣ. ಅವುಗಳಿಗೆ ಕಾವ್ಯಮಯ ಹೆಸರುಗಳಿಲ್ಲ. ಹೊರಗೆ ಏನಿದೆ, ಒಳಗೆ ಯಾವ ಕೋಣೆ, ಯಾವ ಊರು, ಯಾವ ವರ್ಷ, ಇಷ್ಟೇ ಹೆಸರು. ಲ್ಯಾಬ್ ರೆಕಾರ್ಡ್ ಬರೆದ ಹಾಗೆ. 1992ರ ಒಂದು ಚಿತ್ರದಲ್ಲಿ ಮಗನ ಕೋಣೆ ಇದೆ. ಮಗುವಿನ ಆಟಿಕೆಗಳ ಮೇಲೆ ಬೀದಿಯ ಮರಗಳು, ಮನೆಗಳು ತಲೆಕೆಳಗಾಗಿ ತೂಗುತ್ತಿವೆ. 1994ರಲ್ಲಿ ನ್ಯೂಯಾರ್ಕಿನ ಒಂದು ಮಲಗುವ ಕೋಣೆ. ಎಂಪೈರ್ ಸ್ಟೇಟ್ ಬಿಲ್ಡಿಂಗ್ ಎಂಬ ಆ ಗಗನಚುಂಬಿ ತಲೆಕೆಳಗಾಗಿ ಮಂಚದ ಕಡೆಗೆ ಇಳಿದಿದೆ. ಅದೇ ವರ್ಷದ ಇನ್ನೊಂದರಲ್ಲಿ ಅಟ್ಟದೊಳಗೆ ಸಮುದ್ರ ಬಂದಿದೆ. 1996ರಲ್ಲಿ ಒಂದು ದೊಡ್ಡ ಕೋಣೆ, ಅದರ ಗೋಡೆ ತುಂಬ ಮ್ಯಾನ್‌ಹಟನ್‌ನ ಕಟ್ಟಡಗಳು ಬಾವಲಿಗಳಂತೆ ಜೋತುಬಿದ್ದಿವೆ. ಮೊದಲ ನೋಟಕ್ಕೆ ಇದು ಕಂಪ್ಯೂಟರಿನಲ್ಲಿ ಎರಡು ಫೋಟೊ ಸೇರಿಸಿದ ಕೆಲಸ ಅನ್ನಿಸುತ್ತದೆ. ಅಲ್ಲ. ಕೋಣೆ ನಿಜ, ನಗರ ನಿಜ, ಅವೆರಡೂ ಅಲ್ಲಿ ಒಟ್ಟಿಗೆ ಇದ್ದದ್ದೂ ನಿಜ. ಕಣ್ಣಿಗೆ ಕಾಣುವಷ್ಟು ಕತ್ತಲು ಇರಲಿಲ್ಲ, ಅಷ್ಟೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 1997ರ ಚಿತ್ರ, ಹೋಟೆಲ್ ಕೋಣೆಯೊಳಗೆ ಟೈಮ್ಸ್ ಸ್ಕ್ವೇರ್. ಜಗತ್ತಿನಲ್ಲೇ ಅತಿ ಹೆಚ್ಚು ಜನ ಓಡಾಡುವ ಜಾಗಗಳಲ್ಲಿ ಅದೂ ಒಂದು. ಚಿತ್ರದಲ್ಲಿ ಜಾಹೀರಾತು ಫಲಕಗಳಿವೆ, ಕಟ್ಟಡಗಳಿವೆ, ಜನರೇ ಇಲ್ಲ. ಅವರೆಲ್ಲ ಎಲ್ಲಿಗೆ ಹೋದರು? ಎಂಟು ಗಂಟೆ ಎಂದರೆ 28,800 ಸೆಕೆಂಡು. ಸಿಗ್ನಲ್ಲಿನಲ್ಲಿ ಹತ್ತು ಸೆಕೆಂಡು ನಿಂತು ಹೋದವನ ಪಾಲಿಗೆ ಸಿಗುವುದು ಒಟ್ಟು ಬೆಳಕಿನಲ್ಲಿ 2880ರಲ್ಲಿ ಒಂದು ಭಾಗ. ಫಿಲ್ಮಿಗೆ ಅವನು ಬಂದದ್ದೂ ಗೊತ್ತಿಲ್ಲ, ಹೋದದ್ದೂ ಗೊತ್ತಿಲ್ಲ. ಇನ್ನೊಂದು ಸಂಗತಿ: ಎಂಟು ಗಂಟೆಯಲ್ಲಿ ಸೂರ್ಯ ಆಕಾಶದಲ್ಲಿ 120 ಡಿಗ್ರಿ ಸಾಗಿರುತ್ತಾನೆ. ಹಗಲಿಡೀ ತೆರೆದಿಟ್ಟ ಚಿತ್ರದಲ್ಲಿ ಬೆಳಗಿನ ಬಿಸಿಲು ಬಿದ್ದ ಗೋಡೆಯೂ ಸಂಜೆಯ ಬಿಸಿಲು ಬಿದ್ದ ಗೋಡೆಯೂ ಬೆಳಗುತ್ತವೆ, ನೆರಳುಗಳು ಮೆತ್ತಗಾಗುತ್ತವೆ. ಒಂದು ಇಡೀ ದಿನವನ್ನು ಒಂದೇ ಹಾಳೆಯಲ್ಲಿ ಮಡಚಿಟ್ಟ ಹಾಗೆ. ಬೀದಿಯಲ್ಲಿ ಕ್ಷಣಗಳನ್ನು ಹಿಡಿಯುತ್ತಿದ್ದ ಅದೇ ಮನುಷ್ಯ ಕ್ಷಣವೇ ಇಲ್ಲದ ಚಿತ್ರಗಳಿಗೆ ಬಂದು ನಿಂತಿದ್ದಾರೆ.

ಇಲ್ಲೊಂದು ಸಣ್ಣ ಒಗಟು. ಗೋಡೆಯ ಮೇಲೆ ಮೂಡಿದ ಜಾಹೀರಾತು ಫಲಕವನ್ನು ಓದಬೇಕಾದರೆ ಫೋಟೊವನ್ನು ತಲೆಕೆಳಗೆ ಹಿಡಿದರೆ ಸಾಕೇ? ಸಾಲದು. ಆಗಲೂ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲಾಗಿರುತ್ತವೆ. ಏಕೆ ಎಂದು ರೇಖಾಚಿತ್ರ ಬರೆದು ತಂದವರೊಡನೆ ನಾನು ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತೇನೆ.

2002ರಲ್ಲಿ, 40 ವರ್ಷಗಳ ನಂತರ, ಮೊರೆಲ್ ಹವಾನಾಕ್ಕೆ ಹೋದರು. ಅಲ್ಲಿನ ಒಂದು ಹಳೆಯ ಕೋಣೆಯನ್ನು ಕತ್ತಲು ಮಾಡಿದರು. ಒಡೆದ ಗೋಡೆಯ ಮೇಲೆ ಹವಾನಾದ ಗುರುತೇ ಆಗಿರುವ ಲಾ ಹಿರಾಲ್ದಿಯಾ ಎಂಬ ಗಾಳಿಸೂಚಿ ಪ್ರತಿಮೆಯ ಗೋಪುರ ತಲೆಕೆಳಗಾಗಿ ಬಂದು ನಿಂತಿತು. ಹದಿಹರೆಯದಲ್ಲಿ ಬಿಟ್ಟುಬಂದ ಊರು, ಮುರಿದ ಗೋಡೆ, ಬೆಳಕು. ಈ ಚಿತ್ರದ ಬಗ್ಗೆ ನಾನು ಹೆಚ್ಚು ವಿವರಿಸುವುದಿಲ್ಲ. ಗಲ್ಫಿನಲ್ಲಿ ತಂದೆಯೋ ಅಣ್ಣನೋ ಇರುವ ಮನೆಗಳಿಂದ ಬರುವ ನಿಮಗೆ, ಕೋಣೆಯೊಳಗೆ ಬಂದು ನಿಲ್ಲುವ ದೂರದ ಊರು ಎಂದರೇನೆಂದು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಈ ಕತ್ತಲ ಕೋಣೆಗೆ ಲ್ಯಾಟಿನಿನಲ್ಲಿ ಕ್ಯಾಮೆರಾ ಅಬ್ಸ್ಕ್ಯೂರಾ ಎನ್ನುತ್ತಾರೆ. ಕ್ಯಾಮೆರಾ ಎಂದರೆ ಕೋಣೆ. ಈ ಶಬ್ದ ಅರಬಿಯ ‘ಕಮರಾ’ದಿಂದ ಬಂತು, ಅದು ಇಬ್ನುಲ್ ಹೈಸಮ್ ಕೊಟ್ಟ ಹೆಸರು ಎಂಬ ಸಂದೇಶ ಆಗಾಗ ವಾಟ್ಸ್ಆ್ಯಪಿನಲ್ಲಿ ಓಡಾಡುತ್ತದೆ. ಅದು ಸರಿಯಲ್ಲ, ಶಬ್ದ ಗ್ರೀಕ್ ಮೂಲದ್ದು. ಆದರೆ ಅದರ ಒಬ್ಬ ನಂಟ ನಮ್ಮ ಮನೆಯಲ್ಲೇ ಇದ್ದಾನೆ. ಉರ್ದು ಮಾತನಾಡುವ ಮನೆಗಳಲ್ಲಿ ಕೋಣೆಗೆ ಹೇಳುವ ‘ಕಮ್ರಾ’ ಶಬ್ದ ಪೋರ್ಚುಗೀಸರಿಂದ ಬಂದದ್ದು, ಅದಕ್ಕೂ ಕ್ಯಾಮೆರಾಕ್ಕೂ ಬೇರು ಒಂದೇ.

ಇಬ್ನುಲ್ ಹೈಸಮ್ ಅವರ ನಿಜವಾದ ಕೆಲಸಕ್ಕೆ ಇಂಥ ಸುಳ್ಳು ಅಲಂಕಾರದ ಅಗತ್ಯವೇ ಇಲ್ಲ. 965ರ ಸುಮಾರಿಗೆ ಬಸ್ರಾದಲ್ಲಿ ಹುಟ್ಟಿ, ಕೈರೋದಲ್ಲಿ ಬಾಳಿದ ಅವರು ‘ಕಿತಾಬುಲ್ ಮನಾಝಿರ್’ ಎಂಬ ಏಳು ಭಾಗಗಳ ಗ್ರಂಥ ಬರೆದರು. ಅದರಲ್ಲಿ ದೀಪಗಳ ಒಂದು ಪ್ರಯೋಗವಿದೆ. ಕತ್ತಲ ಜಾಗಕ್ಕೆ ತೆರೆಯುವ ಒಂದು ರಂಧ್ರ, ಅದರ ಹೊರಗೆ ಬೇರೆ ಬೇರೆ ಕಡೆ ಇಟ್ಟ ಹಲವು ದೀಪಗಳು. ಒಳಗಿನ ಗೋಡೆಯ ಮೇಲೆ ದೀಪಕ್ಕೊಂದು ಬೆಳಕಿನ ಚುಕ್ಕೆ. ಒಂದು ದೀಪವನ್ನು ಮರೆ ಮಾಡಿದರೆ ಅದರ ಚುಕ್ಕೆ ಮಾತ್ರ ಮಾಯ, ಮರೆ ತೆಗೆದರೆ ಅದೇ ಜಾಗದಲ್ಲಿ ಮತ್ತೆ ಹಾಜರು. ಎಲ್ಲ ಬೆಳಕುಗಳೂ ಒಂದೇ ಸಣ್ಣ ರಂಧ್ರದಲ್ಲಿ ಹಾದುಹೋಗುತ್ತವೆ, ಆದರೂ ಒಂದರೊಳಗೊಂದು ಕಲಸಿಹೋಗುವುದಿಲ್ಲ ಎಂದು ಅವರು ಹೀಗೆ ತೋರಿಸಿದರು. ಇಡೀ ನಗರ ಒಂದು ಸೆಂಟಿಮೀಟರ್ ರಂಧ್ರದಲ್ಲಿ ತೂರಿ ಮೊರೆಲ್ ಅವರ ಗೋಡೆಯ ಮೇಲೆ ಕ್ರಮ ತಪ್ಪದೆ ಹರಡಿಕೊಳ್ಳುವುದು ಇದೇ ಕಾರಣಕ್ಕೆ. ಗ್ರಹಣದ ಹೊತ್ತಿನಲ್ಲಿ ರಂಧ್ರದಿಂದ ಬಿದ್ದ ಬೆಳಕು ಕುಡುಗೋಲಿನ ಆಕಾರ ಪಡೆಯುವುದರ ಬಗ್ಗೆಯೂ ಅವರದೊಂದು ಪ್ರತ್ಯೇಕ ಪ್ರಬಂಧವಿದೆ. ರಂಧ್ರದ ಮೂಲಕ ಬಿಂಬ ಬೀಳುವುದನ್ನು ಅವರಿಗಿಂತ ಮೊದಲೇ ಚೀನಾದಲ್ಲಿ, ಗ್ರೀಸಿನಲ್ಲಿ ಗಮನಿಸಿದವರಿದ್ದರು. ಕೇಳಿದ್ದನ್ನು ನಂಬದೆ ಪ್ರತಿ ಮಾತಿಗೂ ಪ್ರಯೋಗ ಹೂಡಿದ್ದು ಇವರ ಹೆಚ್ಚುಗಾರಿಕೆ.

2015ನ್ನು ಯುನೆಸ್ಕೊ ಅಂತಾರಾಷ್ಟ್ರೀಯ ಬೆಳಕಿನ ವರ್ಷವಾಗಿ ಆಚರಿಸಿದಾಗ ಇಬ್ನುಲ್ ಹೈಸಮ್ ಅವರ ಹೆಸರು ಎಲ್ಲೆಡೆ ಕೇಳಿಬಂತು. ನಮ್ಮಂಥ ಸಂಸ್ಥೆಗಳ ಗೋಡೆಗಳಲ್ಲಿ ಅವರ ಚಾರ್ಟು ಇರುತ್ತದೆ, ಮೀಲಾದ್ ಕಾರ್ಯಕ್ರಮದ ಭಾಷಣದಲ್ಲಿ ಅವರ ಹೆಸರು ಬರುತ್ತದೆ. ಬರಲಿ. ಆದರೆ ಆ ಚಾರ್ಟು ಅಂಟಿಸಿದ ಕೋಣೆಯ ಕಿಟಕಿಯನ್ನು ಒಮ್ಮೆಯಾದರೂ ಮುಚ್ಚಿ ರಂಧ್ರ ಮಾಡಿ ನೋಡಿದವರು ಎಷ್ಟು ಮಂದಿ? ಕ್ಯೂಬಾದಿಂದ ಬಂದ, ಅರಬಿ ಓದದ ಒಬ್ಬ ಮೇಷ್ಟ್ರು ಪ್ರತಿ ಹೊಸ ತರಗತಿಗೆ ಅದನ್ನು ಮಾಡಿ ತೋರಿಸುತ್ತಿದ್ದರು. ಪರಂಪರೆ ನಿಜಕ್ಕೂ ಯಾರ ಕೈಯಲ್ಲಿದೆ ಎಂದು ನನಗೆ ಆಗಾಗ ಅನ್ನಿಸುತ್ತದೆ.

ಫೋಟೊಗ್ರಫಿ ಎಂದೊಡನೆ ನಿಮ್ಮಲ್ಲಿ ಕೆಲವರು ಕೇಳುವ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗಲಾರೆ: ಸರ್, ತಸ್ವೀರ್ ಜಾಯಿಝೇ? ನಾನು ಆಲಿಮನಲ್ಲ, ಭೌತಶಾಸ್ತ್ರ ಕಲಿಸುವವನು. ಜೀವಿಗಳ ಚಿತ್ರದ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ನಿಮ್ಮ ಮನೆಯ ಹಿರಿಯರು, ಉಸ್ತಾದರು ಹೇಳುವುದನ್ನು ಗೌರವದಿಂದ ಕೇಳಿ. ಆ ಚರ್ಚೆಯೊಳಗಿನ ಒಂದು ವಾದ ಮಾತ್ರ ನಮ್ಮ ಪಾಠಕ್ಕೆ ತೀರ ಹತ್ತಿರದ್ದು. 20ನೇ ಶತಮಾನದ ಆರಂಭದಲ್ಲಿ ಈಜಿಪ್ಟಿನ ಮುಫ್ತಿಯಾಗಿದ್ದ ಶೇಖ್ ಮುಹಮ್ಮದ್ ಬಖೀತ್ ಅಲ್-ಮುತೀಈ, ಫೋಟೊ ಎಂದರೆ ಹೊಸದೊಂದನ್ನು ಸೃಷ್ಟಿಸುವುದಲ್ಲ, ಇರುವ ನೆರಳನ್ನು ಹಿಡಿದಿಡುವುದು ಎಂದು ವಾದಿಸಿದರು. ನಮ್ಮ ಕನ್ನಡದ ಛಾಯಾಗ್ರಹಣ ಎಂಬ ಶಬ್ದವೂ ಅದನ್ನೇ ಹೇಳುತ್ತದೆ: ಛಾಯೆ ಎಂದರೆ ನೆರಳು, ಗ್ರಹಣ ಎಂದರೆ ಹಿಡಿಯುವುದು. ಎಲ್ಲರೂ ಈ ವಾದವನ್ನು ಒಪ್ಪಿಲ್ಲ. ಆದರೆ ಮನುಷ್ಯರ ಮುಖ ತೆಗೆಯಲು ಹಿಂಜರಿಯುವವರಿಗೂ ಛಾಯಾಗ್ರಹಣದಲ್ಲಿ ಜಾಗವಿದೆ. ಮೊರೆಲ್ ಅವರ ಕೋಣೆಗಳಲ್ಲಿರುವುದು ಗೋಡೆ, ಮಂಚ, ಮರ, ಕಟ್ಟಡ, ಆಕಾಶ. ಫೋಟೊಗ್ರಫಿ ಇಷ್ಟ, ಆದರೆ ಮನೆಯಲ್ಲಿ ಬೇಡ ಎನ್ನುತ್ತಾರೆ ಎಂದು ಹೇಳಿದ ವಿದ್ಯಾರ್ಥಿನಿಯರು ಇದನ್ನು ಮನೆಯಲ್ಲಿ ತೋರಿಸಿ ಮಾತನಾಡಬಹುದು.

ಅವರ ನಂತರದ ಕೆಲಸವನ್ನು ಬೇಗ ಹೇಳಿ ಮುಗಿಸುತ್ತೇನೆ. ಮುಂದೆ ಅವರು ಬಣ್ಣದ ಚಿತ್ರಗಳಿಗೆ ಬಂದರು. ರಂಧ್ರಕ್ಕೆ ಮಸೂರ ಇಟ್ಟು ಸ್ಪಷ್ಟತೆ ಹೆಚ್ಚಿಸಿದರು, ಪಟ್ಟಕ ಇಟ್ಟು ದೃಶ್ಯವನ್ನು ನೇರ ಮಾಡಿದರು. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಗಂಟೆಗಳ ಕೆಲಸ ಬಹಳ ಕಡಿಮೆ ಸಮಯದಲ್ಲಿ ಆಗತೊಡಗಿತು. ಮೋಡವೂ ಚಿತ್ರದಲ್ಲಿ ಉಳಿಯತೊಡಗಿತು. ಸುಂದರವಾಗಿವೆ, ಆದರೂ ನನ್ನ ಒಲವು ಹಳೆಯ ಕಪ್ಪುಬಿಳುಪಿನ, ತಲೆಕೆಳಗಾದ ಚಿತ್ರಗಳಿಗೇ. ಕೋಣೆ ಇಲ್ಲದ ಕಡೆಗಾಗಿ ಅವರು ತಳವಿಲ್ಲದ ಕಪ್ಪು ಡೇರೆಯೊಂದನ್ನು ಮಾಡಿಕೊಂಡರು. ಅದರ ನೆತ್ತಿಯ ಪೆರಿಸ್ಕೋಪು ಸುತ್ತಲ ದೃಶ್ಯವನ್ನು ಕೆಳಗಿನ ನೆಲದ ಮೇಲೆ ಬೀಳಿಸುತ್ತದೆ. ಹುಲ್ಲು, ಮರಳು, ಜಲ್ಲಿಕಲ್ಲಿನ ಮೇಲೆಯೇ ಬೆಟ್ಟಗಳು ಮೂಡುತ್ತವೆ. 1993ರಲ್ಲಿ ಗುಗೆನ್‌ಹೈಮ್ ಫೆಲೋಶಿಪ್ ಪಡೆದ ಅವರ ಒಟ್ಟು ಕೆಲಸದ ದೊಡ್ಡ ಪ್ರದರ್ಶನ 2013ರಲ್ಲಿ ಶಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟಿನಲ್ಲಿ ನಡೆಯಿತು.

ಇನ್ನು ನಮ್ಮ ಕೆಲಸ. ಪ್ರಾಂಶುಪಾಲರು ಮೊದಲ ಮಹಡಿಯ ಪಶ್ಚಿಮದ ಕೋಣೆಯನ್ನು ಒಂದು ಶನಿವಾರ ಬೆಳಗ್ಗೆ ಬಿಟ್ಟುಕೊಡಲು ಒಪ್ಪಿದ್ದಾರೆ. ಪಶ್ಚಿಮದ ಕಿಟಕಿಯೇ ಏಕೆಂದರೆ, ಬೆಳಗಿನ ಬಿಸಿಲು ಹೊರಗಿನ ಮರಗಳ, ಮನೆಗಳ ನಮ್ಮ ಕಡೆಯ ಮುಖದ ಮೇಲೆ ಬೀಳುತ್ತದೆ, ರಂಧ್ರಕ್ಕೆ ನೇರ ಬಿಸಿಲು ತಾಗುವುದಿಲ್ಲ. ಮಳೆಗಾಲದಲ್ಲಿ ಸೌದೆಗೆ ಹೊದಿಸುವ ದಪ್ಪ ಕಪ್ಪು ಪ್ಲಾಸ್ಟಿಕ್ ಮನೆಯಲ್ಲಿದ್ದರೆ ತನ್ನಿ. ಅಗಲದ ಟೇಪು, ಕತ್ತರಿ, ಎರಡು ಬಿಳಿ ಬೆಡ್‌ಶೀಟು ಬೇಕು. ಬಾಗಿಲ ಕೆಳಗಿನ ಸಂದಿಗೆ ಹಳೆಯ ಚಾದರ ಒತ್ತಬೇಕು. ರಂಧ್ರವನ್ನು ಪ್ಲಾಸ್ಟಿಕ್ಕಿನಲ್ಲಿ ನೇರ ಕತ್ತರಿಸಬೇಡಿ, ಅಂಚು ಹರಿಯುತ್ತದೆ. ರಟ್ಟಿನ ತುಂಡಿನಲ್ಲಿ 1 ಸೆಂಟಿಮೀಟರಿನ ದುಂಡು ರಂಧ್ರ ಕೊರೆದು ಅದನ್ನು ಅಂಟಿಸೋಣ. ಒಳಗೆ ಬಂದೊಡನೆ ಏನೂ ಕಾಣುವುದಿಲ್ಲ. ಕಣ್ಣು ಕತ್ತಲಿಗೆ ಹೊಂದಲು ಹತ್ತು ನಿಮಿಷವಾದರೂ ಬೇಕು, ಅಷ್ಟು ಹೊತ್ತು ಯಾರೂ ಮೊಬೈಲ್ ತೆರೆಯುವಂತಿಲ್ಲ. ಒಮ್ಮೆಗೆ 15 ಮಂದಿಗೆ ಮಾತ್ರ ಜಾಗವಿದೆ. ಹೆಸರು ಕೊಡುವವರು ನೋಟಿಸ್ ಬೋರ್ಡಿನ ಪಟ್ಟಿಯಲ್ಲಿ ತರಗತಿ ಮತ್ತು ರೋಲ್ ನಂಬರ್ ಸಹಿತ ಬರೆಯಿರಿ. ಆರ್ಟ್ಸ್, ಕಾಮರ್ಸಿನವರೂ ಬರಬಹುದು.